ಹದಿನಾಲ್ಕನೇ ಪ್ರಶ್ನೆ

ಅರ್ಜಿಯ ನಾಲ್ಕನೇ ಹಾಳೆಯಲ್ಲಿತ್ತು ಅದು.
ಮಾದಕ ವಸ್ತು ಎಂದಾದರೂ ಸೇವಿಸಿದ್ದುಂಟೆ,
ಪೊಲೀಸರು ಎಂದಾದರೂ ಹಿಡಿದದ್ದುಂಟೆ.
ಮುಂದೆ ಒಂದು ಚೌಕ, ಕೆಳಗೆ ನಾಲ್ಕು ಖಾಲಿ ಗೆರೆ.
ಚೌಕದಲ್ಲಿ ಬರೆದೆ: ಇಲ್ಲ.
ಎರಡೇ ಅಕ್ಷರ. ಒತ್ತು ಸಹ ಚಂದ ಬಂತು.

ವಾಸ್ಕೋದ ಹಡಗುಕಟ್ಟೆಯ ಕೆಲಸ, ನೌಕಾಪಡೆಯ ಹಡಗು.
ಯಾವ ತಂತಿ ಯಾವ ಗೋಡೆಯೊಳಗಿಂದ ಎಲ್ಲಿಗೆ ಹೋಗುತ್ತದೆಂದು
ತಿಳಿದವನ ಬಾಯಿ ಗಟ್ಟಿ ಇರಬೇಕು.
ನನ್ನದು ಗಟ್ಟಿಯೇ.
ಆರು ವರ್ಷ ಅವ್ವಗೂ ಹೇಳಿರಲಿಲ್ಲ
ಛಾಪೊರಾ ಕೋಟೆಯ ಬುಡದ ಆ ಕೋಣೆ,
ಜೋಕಿಮನ ಬೈಕಿನ ಸೀಟಿನಡಿಯ ಪೊಟ್ಟಣ,
ಬಂದರಿನಲ್ಲಿ ಅದಿರು ಎತ್ತಿ ಅಪ್ಪ ಕೂಡಿಟ್ಟ
ಐಟಿಐ ಫೀಸು ಹೊಗೆಯಾಗಿ ಹೋದದ್ದು,
ಮ್ಹಾಪ್ಸಾ ಠಾಣೆಯ ಬೆಂಚಿನ ಮೇಲೆ ಬೆಳಗಾದದ್ದು.
ಹೆಸರು ಕೇಳಿದಾಗ ಅಲ್ಲಿಯೂ ಸುಳ್ಳೇ ಹೇಳಿದ್ದೆ,
ಅಪ್ಪನ ಹೆಸರು ಮಾತ್ರ
ತಡೆಯುವುದರೊಳಗೆ ಖರೆ ಬಂದುಬಿಟ್ಟಿತ್ತು.

ವಿಚಾರಣೆಗೆ ಬಂದವರು ಪೆಡ್ಣೇಕರ್ ಸಾಹೇಬರು,
ಝುವಾರಿನಗರದ ಏರು ಹತ್ತಿ ಏದುತ್ತ.
ಅವ್ವ ಕೊಟ್ಟ ಚಹಾ ಬಸಿಗೆ ಸುರಿದುಕೊಂಡು ಕುಡಿದರು.
ಪಕ್ಕದ ಎಸ್ಪೆರಾನ್ಸ್ ಬಾಯಿ, ಯಾರೂ ಕೇಳದಿದ್ದರೂ,
ಮೀನು ಹೆಚ್ಚುವುದು ಬಿಟ್ಟು ಬಂದು ಸಾಕ್ಷಿ ಹೇಳಿದಳು:
ಬರೊ ಭುರ್ಗೊ, ಭಾಳ ಒಳ್ಳೇ ಹುಡುಗ.
ಸಾಹೇಬರು ಚೀಲದಿಂದ ಮಡಿಸಿದ ನಕಲು ತೆಗೆದರು.
"ಈ ರೋಹನ ಹುಲಗಪ್ಪ ಅಂಬಿಗೇರ ಯಾರಮ್ಮಾ,
ನಿಮ್ಮ ಇನ್ನೊಬ್ಬ ಮಗನೇ?"
"ಇಲ್ರಿ ಸಾಹೇಬ್ರ," ಅವ್ವ ನಕ್ಕಳು,
"ನನಗ ಇರಾಂವ ಇವನೊಬ್ಬನ, ನಮ್ಮ ಫಕೀರೇಶಿ."

ಆಮೇಲೆ ಸ್ವಲ್ಪ ಹೊತ್ತು ಸ್ಟೋವಿನದೇ ಸದ್ದು.

"ಗಾಂಜಾದ ಮಾತಲ್ಲ," ಅಂದರು ಬೂಟು ಮೆಟ್ಟುತ್ತ,
"ಅದನ್ನು ಬರೆಯಲಿಕ್ಕೆಂದೇ ನಾಲ್ಕು ಗೆರೆ ಬಿಟ್ಟಿದ್ದರಲ್ಲ.
ಬಿಟ್ಟು ಆರು ವರ್ಷ ಆಯಿತು ಅಂತ ಬರೆದಿದ್ದರೆ
ನಾನೂ ಕೆಳಗೆ ಎರಡು ಒಳ್ಳೇ ಮಾತು ಸೇರಿಸುತ್ತಿದ್ದೆ.
ನೀನು ಹೆದರಿ ಮುಚ್ಚಿಟ್ಟದ್ದು ಮತ್ತೊಬ್ಬನಿಗೆ ಗೊತ್ತಾದರೆ
ಅದೇ ಅವನ ಕೈಯ ಕೀಲಿ.
ನಾಳೆ ಯಾವ ಬಾಗಿಲು ತೆರೆಸುತ್ತಾನೋ ಯಾರಿಗೆ ಗೊತ್ತು."

ಪತ್ರ ಬಂತು, ಒಂದೇ ಸಾಲು.
ಈಗ ಖಾರಿವಾಡೆಯಲ್ಲಿ ಟ್ರಾಲರುಗಳ ಮೋಟಾರು ಸುತ್ತುತ್ತೇನೆ.
ಬೂದು ಬಣ್ಣದ ಹಡಗು ಎದುರಿಗೇ ಹಾಯುತ್ತದೆ,
ಅದರ ಒಳಗಿನ ತಂತಿ ನನಗೆ ಗೊತ್ತಿಲ್ಲ.
ಉಂಡೆಯೇನೋ ಅಂತಾಳೆ ಅವ್ವ, ಹೂಂ ಅಂತೀನಿ.
ಹೂಂ ಕೇಳಿಯೂ ಒಳಗೆ ಹೋಗಿ
ಬುಟ್ಟಿಯ ರೊಟ್ಟಿ ಎಣಿಸುತ್ತಾಳೆ.

ಮೂರು ವರ್ಷಕ್ಕೆ ಮತ್ತೆ ಅರ್ಜಿ ಕರೆದಿದ್ದಾರೆ.
ಈ ಸಲ ಒಂದು ಪ್ರಶ್ನೆ ಹೆಚ್ಚು:
ಹಿಂದೆ ಎಂದಾದರೂ ತಿರಸ್ಕೃತರಾಗಿದ್ದೀರಾ, ಏಕೆ.
ಹೌದು, ಅಂತ ಬರೆದೆ. ನಾಲ್ಕು ಗೆರೆ ಸಾಲಲಿಲ್ಲ.
ಬೇರೆ ಹಾಳೆ ಲಗತ್ತಿಸಿದೆ,
ರೋಹನನನ್ನೂ ಹೆಸರು ಹಿಡಿದು ಬರೆದೆ.

ಅವ್ವಗೆ ಅಕ್ಷರ ಬರುವುದಿಲ್ಲ.
ಆದರೂ ಬಲ್ಬಿನ ಕೆಳಗೆ ಹಿಡಿದು
ಆ ಹಾಳೆಯನ್ನು ತಿರುಗಿಸಿ
ಹಿಂಬದಿ ನೋಡಿದಳು.