ಸಾಕ್ಷಿಗುಡ್ಡೆ

ಬಸ್ಸಿನವರು ಈಗಲೂ ಕೂಗ್ತಾರೆ, ‘ಕ್ಯಾಂಪು, ಕ್ಯಾಂಪು, ಇಳ್ಕಳಿ.’
ಇಳಿದವರಿಗೆ ಕಾಣುವುದು ಒಂದು ಆಲೆಮನೆ, ಪಂಕ್ಚರ್ ಅಂಗಡಿ,
ಲಂಟಾನದ ನಡುವೆ ಆಳೆತ್ತರದ ಮಣ್ಣಗುಡ್ಡೆ.
ಯಾರ ಕ್ಯಾಂಪು ಎಂದರೆ
ಮಿಲಿಟ್ರಿಯವರದು ಅನ್ನುತ್ತಾನೆ ಪಂಕ್ಚರ್ ಹುಡುಗ,
ಟಿಬೆಟ್ಟಿನವರದು ಅನ್ನುತ್ತಾನೆ ಆಲೆಮನೆಯವನು.

ನಮ್ಮದು ಕಣಪ್ಪ.
ಎಪ್ಪತ್ತನಾಲ್ಕರ ಮಾಗಿ. ನೂರಾ ಹದಿನೆಂಟು ಜನ,
ಎಸ್ಸೆಸ್ಸೆಲ್ಸಿ ಪಾಸಾದವರು, ಪಾಸೆಂದು ಹೇಳಿಕೊಂಡವರು,
ಬಿ.ಎ. ಮುಗಿಸಿ ಮೂರು ವರ್ಷ
ಮಂಡ್ಯದ ಉದ್ಯೋಗ ವಿನಿಮಯ ಕಚೇರಿಯ ಜಗಲಿ ಸವೆಸಿದ
ಮೇಲುಕೋಟೆಯ ಸಂಪತ್ಕುಮಾರ.
ಸರ್ಕಾರದ ಕಾಗದದಲ್ಲಿ ನಾವು ವಿದ್ಯಾವಂತ ಯುವಶಕ್ತಿ,
ಸುತ್ತಲ ಊರವರ ಬಾಯಲ್ಲಿ ಓದಿದ ಮಂಕ್ರಿಗಳು.

ಮಳವಳ್ಳಿ ಕಡೆಯ ಕಡುಬಿನಬೋರೆ ಸೀಳಿ
ಎರಡು ಮೈಲಿ ಕಿರುನಾಲೆ ತೋಡಬೇಕು.
ಕೂಲಿ ಎರಡೂವರೆ ರೂಪಾಯಿ, ಊಟದ್ದು ಮುರಿದುಕೊಂಡು.
ಮೊದಲ ದಿನ ಪಿಕಾಸಿ ಎತ್ತಿದ ಗೌಸು
ನೆಲ ಬಿಟ್ಟು ತನ್ನ ಚಪ್ಪಲಿಗೇ ಹೊಡೆದ.
ಮೂರನೆಯ ದಿನ ಎಲ್ಲರ ಅಂಗೈಯಲ್ಲೂ ಬೊಬ್ಬೆ.
ಬಿಸಿಮುದ್ದೆಗೆ ಕೈಯೊಡ್ಡಿ ಹಿಂದೆಳೆದವರ ಲೆಕ್ಕವಿಟ್ಟು
ಹೊಂಬಾಳಮ್ಮ ನಗುತ್ತಿದ್ದಳು.

ಮೊದಲ ವಾರ ಊಟಕ್ಕೆ ಎರಡು ಹಂಡೆ, ಎರಡು ಸಾಲು.
ದೊಡ್ಡಮಾದು ತನ್ನ ತಟ್ಟೆಯನ್ನು ಡೇರೆಯ ಹಿಂದೆ ತೊಳೆಯುತ್ತಿದ್ದ.
ಆಮೇಲೊಂದು ಹಂಡೆ ತೂತು ಬಿತ್ತು.
ಇಬ್ಬರು ಗಂಟು ಕಟ್ಟಿ ಮನೆಗೆ ಹೋದರು.
ಉಳಿದವರಿಗೆ ಹಸಿವಿತ್ತು.

ಅಗೆಯುವಾಗ ಅಲ್ಲಲ್ಲಿ ಒಂದೊಂದು ಗುಡ್ಡೆ ಬಿಡಬೇಕು,
ನೆತ್ತಿಯ ಹುಲ್ಲು ಹಾಗೇ ಇರಬೇಕು,
ಎಷ್ಟು ಆಳ ಹೋದಿರಿ ಎಂದು ಅಳೆಯಲಿಕ್ಕೆ.
ಅದಕ್ಕೆ ಸಾಕ್ಷಿಗುಡ್ಡೆ ಅನ್ನುತ್ತಾರೆ.
ಶನಿವಾರ ಓವರ್‌ಸಿಯರ್ ಫಾಲಾಕ್ಷಯ್ಯ ಟೇಪು ಹಿಡಿದು ಬರುತ್ತಿದ್ದರು.
ಕಮ್ಮಿ ಬಿದ್ದರೆ ಕೂಲಿಗೆ ಕತ್ತರಿ.

ಏಳನೆಯ ಚೈನಿನಲ್ಲಿ ಬೆಣಚು ಸಿಕ್ಕಿತು,
ಪಿಕಾಸಿ ಎರಡು ಮುರಿದವು,
ಸಂಕ್ರಾಂತಿಗೆ ನಾಲ್ಕೇ ದಿನ.
ಶುಕ್ರವಾರ ರಾತ್ರಿ ಲಾಟೀನಿಗೆ ಟವೆಲು ಸುತ್ತಿ
ಗುಡ್ಡೆಯ ನೆತ್ತಿಯ ಹುಲ್ಲುಪದರವನ್ನು
ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿದ ಸಂಪತ್ಕುಮಾರ.
ಅದರಡಿಗೆ ಅರ್ಧ ಅಡಿ ಮಣ್ಣು ತುಂಬಿ
ಹುಲ್ಲು ಹೊದಿಸಿ ನೀರು ಚಿಮುಕಿಸಿದೆವು.
‘ತರ್ಕಶಾಸ್ತ್ರ ಇವತ್ತು ಅನ್ನ ಕೊಡ್ತು’ ಅಂದ.
ಮಣ್ಣು ಮುಟ್ಟದವನು ದೊಡ್ಡಮಾದು ಒಬ್ಬನೇ.
ಲಾಟೀನು ಹಿಡಿದಿದ್ದವನೂ ಅವನೇ.

ಫಾಲಾಕ್ಷಯ್ಯ ಅಳೆದರು.
ನೆತ್ತಿಗೆ ಕೈಯಿಟ್ಟು ಒತ್ತಿದರು, ಮೆತ್ತಗಿತ್ತು.
ನಮ್ಮ ಅಂಗೈ ನೋಡಿದರು.
ಪುಸ್ತಕದಲ್ಲಿ ಐದೂವರೆ ಅಡಿ ಎಂದು ಬರೆದು
ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.
ಅಳೆದಾದ ಗುಡ್ಡೆ ಕಡಿಯುವುದು ವಾಡಿಕೆ;
ಆ ಅಂಚಿನದಕ್ಕೆ ಮಾತ್ರ ‘ಇರ್ಲಿ ಬಿಡ್ರಪ್ಪ’ ಅಂದರು.

ಯುಗಾದಿಗೆ ಡೇರೆ ಬಿಚ್ಚಿದರು.
ಕೈಗೊಂದು ಸರ್ಟಿಫಿಕೇಟು: ‘ಈತನು ಶಿಸ್ತಿನಿಂದ ಶ್ರಮಿಸಿರುತ್ತಾನೆ.’
ಹೆಸರಿನ ಜಾಗ ಖಾಲಿ, ನಾವೇ ತುಂಬಿಕೊಳ್ಳಬೇಕು.
ನಾನಿನ್ನೂ ತುಂಬಿಲ್ಲ.

ನೀರು ಬಿಟ್ಟ ದಿನ ದಡದುದ್ದಕ್ಕೂ ಓಡಿದೆವು.
ಏಳನೆಯ ಚೈನಿನ ಹತ್ತಿರ ಅದು ನಿಂತಿತು,
ಏನೋ ನೆನಪಾದವರ ಹಾಗೆ,
ಆಮೇಲೆ ಮೆಲ್ಲಗೆ ಹಿಂದಕ್ಕೆ ತುಂಬತೊಡಗಿತು.
ಇಂಜಿನಿಯರುಗಳು ಬಂದರು, ಪುಸ್ತಕ ತಿರುವಿದರು:
ಆಳ ಸರಿಯಾಗಿಯೇ ಇದೆ.
ನೀರು ಹತ್ತದ ಕೊನೆಭಾಗ ಮೂವತ್ತು ಎಕರೆ,
ಅದರಲ್ಲಿ ಎರಡು ದೊಡ್ಡಮಾದುವಿನ ಅಪ್ಪನಿಗೆ ಮಂಜೂರಾದ ನೆಲ.

ಅವನು ಯಾರಿಗೂ ಹೇಳಲಿಲ್ಲ.
ಮಂಡ್ಯದ ಸಂತೆಯಲ್ಲಿ ಎದುರಾದಾಗಲೆಲ್ಲ
‘ಏನ್ಲಾ, ಅರ್ಧ ಅಡಿ’ ಅಂತ ಬೆನ್ನಿಗೊಂದು ಗುದ್ದುತ್ತಿದ್ದ.
ಅದು ತಮಾಷೆಯೋ ಅಲ್ಲವೋ
ಅವನ ಹೂಳಿಗೆ ಹೋದ ದಿನವೂ ನನಗೆ ಗೊತ್ತಾಗಲಿಲ್ಲ.

ಮೊನ್ನೆ ಕ್ಯಾಂಪು ಅಂದಾಗ ಇಳಿದೆ.
ಮಂಡಿ ಹಿಡಿದುಕೊಂಡು ಗುಡ್ಡೆ ಹತ್ತಿ
ನೆತ್ತಿ ಒತ್ತಿ ನೋಡಿದೆ.
ಗಟ್ಟಿಯಾಗಿದೆ. ಗರಿಕೆ ಆಳಕ್ಕೆ ಬೇರು ಬಿಟ್ಟಿದೆ.
ಎಲ್ಲಿಗೆ ನಮ್ಮ ಮಣ್ಣು ಮುಗಿದು
ಎಲ್ಲಿಂದ ನೆಲದ್ದು ಶುರು
ಉಗುರು ಹಾಕಿದರೂ ತಿಳಿಯದು.
ಪಂಕ್ಚರ್ ಹುಡುಗ ಕೆಳಗಿನಿಂದ ಕೂಗಿದ,
‘ತಾತ, ಏನಾದ್ರೂ ಕಳ್ಕಂಡ್ರಾ?’