ಗುರುತಿನ ಖಾನೆ

ಹೋಬರ್ಟ್. ಜುಲೈ. ಮಸಿಕುಡಿಕೆಯ ಬಾಯಿ ಹೆಪ್ಪುಗಟ್ಟಿದೆ.
ಉಸಿರೂದಿ ಕರಗಿಸಿ ಬರೆಯುತ್ತೇನೆ.

ಕೈಬರಹದಿಂದಲೇ ಕೆಟ್ಟವನು ನಾನು, ಜೇಬೆಜ್ ಟ್ರೆಗೀರ್:
ಪರರ ಸಹಿ ಹಾಕಿ ಹದಿನೇಳು ಪೌಂಡು ಎತ್ತಿದ್ದಕ್ಕೆ
ಹದಿನಾಲ್ಕು ವರ್ಷ.
ಇಲ್ಲಿಗೆ ಬಂದರೆ ಸರ್ಕಾರಕ್ಕೆ ಬೇಕಾಗಿದ್ದದ್ದೂ ಅದೇ,
ದುಂಡನೆಯ ಅಕ್ಷರ.

ಹಡಗು ಬಂದ ಮರುದಿನ ಸಾಲು ನಿಲ್ಲಿಸುತ್ತಾರೆ.
ಬರಿಗಾಲಲ್ಲಿ ಎತ್ತರ. ಹುಬ್ಬು. ಮೂಗು. ಹಲ್ಲೆಷ್ಟು.
ಕದ್ದದ್ದೇನು: ಒಂದು ಚೀಸ್ ಗಡ್ಡೆ, ಎರಡು ದುಪ್ಪಟಿ,
ಇನ್ನೊಬ್ಬರ ಕುರಿಮರಿ.
ಆಮೇಲೆ, ಅಂಗಿ ಬಿಚ್ಚು.
ಕೊನೆಯ ಖಾನೆ ಗುರುತುಗಳದು.

ಹಣೆಬರಹ ಓದಲು ನನಗೆ ಬಾರದು,
ತೋಳಿನದು ಬರುತ್ತದೆ:
ಲಂಗರು; ಬಾಲ ಅಳಿಸಿಹೋದ ಮತ್ಸ್ಯಕನ್ಯೆ;
ಎದೆಯ ಮೇಲೆ ಎಂ.ಕೆ., ಯಾರೆಂದರೆ ಹೇಳಲೊಲ್ಲ.
ಹೊಡೆಯುವವನ ಕೈ ತಡೆಯಲೆಂದು ಒಬಡಯ ಸ್ಲೀ
ಬೆನ್ನ ತುಂಬ ಶಿಲುಬೆ ಹಚ್ಚೆ ಹಾಕಿಸಿಕೊಂಡಿದ್ದ.
ತಡೆದಿರಲಿಲ್ಲ. ಎರಡನ್ನೂ ಬರೆದೆ,
ಶಿಲುಬೆ, ಅದರ ಮೇಲಿನ ಬಾಸುಂಡೆ.

ಹೊನೋರಾ ಕಡಿಹಿ, ಕಿಲ್ಕೆನ್ನಿಯವಳು, ಮೇಲಂಗಿ ಕದ್ದವಳು.
ಎಡ ಹೆಬ್ಬೆರಳ ಬುಡದಲ್ಲಿ ಐದು ನೀಲಿ ಚುಕ್ಕೆ.
"ನೋಡಿ ಬರಿ, ಒಂದೊಂದಕ್ಕೂ ಹೆಸರಿದೆ" ಅಂದಳು.
ಹೆಸರಿಗೆ ಜಾಗವಿಲ್ಲ. ಐದು ಅಂತ ಬರೆದೆ.

ತಿಂಗಳ ಕೊನೆಗೆ ಮೊತ್ತ ಕೂಡಬೇಕು:
ದುಡಿಮೆಗೆ ಕೊಟ್ಟವರು, ಬೇಡಿಯಲ್ಲಿರುವವರು,
ಕಾಡಿಗೆ ಓಡಿದವರು, ಆಸ್ಪತ್ರೆ, ಮಣ್ಣು.
ಅಡ್ಡಕ್ಕೂ ಉದ್ದಕ್ಕೂ ತಾಳೆಯಾದರೆ
ಸೂಪರಿಂಟೆಂಡೆಂಟ್ ಒಂದು ಚಿಟಿಕೆ ತಂಬಾಕು ಕೊಡುತ್ತಾನೆ.

ಹೊನೋರಾಳ ಮಗು ಹುಟ್ಟಿದ್ದು ಹೆಂಗಸರ ಕಾರ್ಖಾನೆಯಲ್ಲಿ,
ಬೆಟ್ಟ ಬಿಸಿಲು ನುಂಗುವ ತೇವದ ಗೋಡೆಗಳೊಳಗೆ.
ಒಂಬತ್ತು ವಾರ ಬದುಕಿತು.
ನನ್ನ ಪುಸ್ತಕದಲ್ಲಿ ಅದು ಬಂದೂ ಇಲ್ಲ, ಹೋಗಿಯೂ ಇಲ್ಲ.
ಏನೂ ಕದ್ದಿರಲಿಲ್ಲವಲ್ಲ;
ತಪ್ಪಿಲ್ಲದವರನ್ನು ಎಣಿಸುವ ರೂಢಿ ಇಲ್ಲಿಲ್ಲ.

ಬಟ್ಟೆ ಒಗೆದು ಬಿರಿದ ಕೈಯನ್ನು ಮೇಜಿನ ಮೇಲಿಟ್ಟಳು.
ಸೂಜಿ, ಒಲೆಯ ಕಾಡಿಗೆ, ಯಾರು ಚುಚ್ಚಿಕೊಟ್ಟರೋ ಕಾಣೆ,
ಆರನೆಯದು ಇನ್ನೂ ಕೆಂಪಗೆ ಊದಿಕೊಂಡಿತ್ತು.
"ತಿದ್ದು" ಅಂದಳು.

ಬಂದಿಳಿದ ದಿನದ ದಾಖಲೆ ತಿದ್ದುವಂತಿಲ್ಲ.
ತಿದ್ದಿದವನಿಗೆ ಕಲ್ಲುಗಣಿ, ಕಾಲಿಗೆ ಸರಪಳಿ,
ಗೊತ್ತಿದೆ, ಆ ನಿಯಮದ ಪ್ರತಿ ಮಾಡಿದವನೇ ನಾನು.

ರಾತ್ರಿ ಚಾಕುವಿನ ತುದಿಯಿಂದ 'ಐದು' ಕೆರೆದೆ.
ಕಾಗದ ತೆಳುವಾಯಿತು, ತೂತಾಗಲಿಲ್ಲ.
ಕೈ ಮರೆತಿರಲಿಲ್ಲ ಹಳೆಯ ಕಸುಬು:
ಅದೇ ಓರೆ, ಅದೇ ಒತ್ತು, ಅಂದಿನದೇ ಮಸಿ ಎಂಬಂತೆ
'ಆರು'.

ಬೆಳಗ್ಗೆ ಸೂಪರಿಂಟೆಂಡೆಂಟ್ ಹಾಳೆ ಮಗುಚಿದ, ಬೆರಳು ನೆಕ್ಕಿ ನೆಕ್ಕಿ.
ಮೊತ್ತ ತಾಳೆಯಿತ್ತು, ಒಂದು ತಲೆಯೂ ಹೆಚ್ಚಿರಲಿಲ್ಲ.
ತಂಬಾಕು ಕೊಟ್ಟ.