ತಾಯಿಕುದುರೆಗೆ, ರಾತ್ರಿ ಹನ್ನೊಂದೂಕಾಲಕ್ಕೆ

ಈ ಕಡೆ ತಿರುಗು, ತೋಮೊ.
ಪ್ಯಾರಿಸ್ಸಿನಲ್ಲಿ ಈಗ ಸಂಜೆ ನಾಲ್ಕರ ಬಿಸಿಲು,
ನಿನ್ನ ಮಗ ಲಾಂಗ್‌ಶಾಂಪಿನ ಹುಲ್ಲಿನ ಮೇಲೆ ನಿಂತಿದ್ದಾನೆ.
ಇಲ್ಲಿ ಉರಕಾವಾದಲ್ಲಿ ಅಕ್ಟೋಬರಿನ ಮೊದಲ ಇಬ್ಬನಿ ಗಟ್ಟಿಯಾಗುತ್ತಿದೆ,
ಒಣಹಾಕಿದ ಕಡಲಪಾಚಿಯ ವಾಸನೆ
ಬಾಗಿಲ ಸಂದಿಯಿಂದ ನುಸುಳಿ
ನಿನ್ನ ಹುಲ್ಲಿಗೂ ಹತ್ತಿದೆ.

ಊರೆಲ್ಲ ಸಂಘದ ಸಭಾಂಗಣದಲ್ಲಿ ಕೂತಿದೆ.
ದೊಡ್ಡ ಪರದೆ, ಸಾಕೆ, ಅವನ ಹೆಸರು ಬರೆದ ಬಟ್ಟೆ.
“ಕುನಿಯೆಸಾನ್, ಮುಂದಿನ ಸಾಲಲ್ಲಿ ನಿಮ್ಮ ಕುರ್ಚಿ” ಅಂದರು.
ಹೊಟ್ಟೆನೋವು ಅಂತ ಹೇಳಿ ಬಂದುಬಿಟ್ಟೆ.
ಹಾರುವ ಎದೆಯನ್ನು ಹತ್ತು ಜನರೆದುರು ಎಲ್ಲಿ ಅಡಗಿಸಿಡಲಿ?
ಇಲ್ಲಾದರೆ ನೀನೊಬ್ಬಳು.
ಮತ್ತೆ ಖಂಗಾರ್ ಸಿಂಗ್, ಅವನ ಫೋನು,
ಏಲಕ್ಕಿ ಜಾಸ್ತಿಯಾದ ಅವನ ಚಹಾ.

ಜೋಧಪುರದ ಹತ್ತಿರ ಅವನಜ್ಜ
ಮರಳಲ್ಲಿ ಕುದುರೆ ಪಳಗಿಸುತ್ತಿದ್ದನಂತೆ,
ಹುಲ್ಲು ಅನ್ನುವುದನ್ನು ಬರೀ ಮಾತಲ್ಲಿ ಕೇಳಿದ್ದನಂತೆ.
ಮೊಮ್ಮಗ ಇಲ್ಲಿ, ಈ ಹಿಮದಲ್ಲಿ
ನಿನ್ನ ಮಗನ ಬೆನ್ನಿಗೆ ಮೊದಲ ಜೀನು ಬಿಗಿದ.
ಈಗ ಆ ಬೆನ್ನ ಮೇಲೆ ಬ್ರೆಜಿಲ್ಲಿನ ಹುಡುಗ,
ಪಕ್ಕದ ಗೇಟಿನಲ್ಲಿ ಐರ್ಲೆಂಡಿನ ಹೆಣ್ಣು, ಆಚೆಗೆ ಜರ್ಮನಿಯ ಕೆಂಬಣ್ಣದವನು,
ಒಂದರ ಒಡೆಯ ಕೊಲ್ಲಿ ದೇಶದ ಶೇಖ, ಇನ್ನೊಂದಕ್ಕೆ ಟೆಕ್ಸಾಸಿನ ವಿಧವೆ,
ನಮ್ಮವನ ಒಡೆಯ ಟೋಕಿಯೋದಲ್ಲಿ ಲಿಫ್ಟು ಮಾರುತ್ತಾನೆ.
ಜಗತ್ತೆಲ್ಲ ಒಂದು ಹುಲ್ಲುಗಾವಲಿಗೆ ಬಂದು ನಿಂತಿದೆ,
ಎರಡೂವರೆ ನಿಮಿಷಕ್ಕೋಸ್ಕರ.

ನೆನಪಿದೆಯಾ ಆ ಮಾರ್ಚ್?
ಒಂದು ಮುಂಗಾಲು ಹೊರಗೆ, ಇನ್ನೊಂದು ಒಳಗೇ ಮಡಿಸಿಕೊಂಡು,
ಮೊಣಕೈವರೆಗೆ ನನ್ನ ಕೈ ನಿನ್ನೊಳಗೆ.
ವೈದ್ಯರ ಕಾರು ಹಿಮದಲ್ಲಿ ಹೂತಿತ್ತು.
ಎಳೆದೆ. ನೀನು ಒದೆಯಲಿಲ್ಲ.
ಮರುವರ್ಷದ ಬೇಸಿಗೆಗೆ ಹರಾಜಾದ.
ಆ ದುಡ್ಡಲ್ಲಿ ಈ ಸೂರು, ಈ ತಗಡು,
ಸೋರದ ಈ ರಾತ್ರಿ.

ಬಿಟ್ಟರು!
ಖಂಗಾರ್ ಫೋನನ್ನು ನೀರಿನ ಬಕೆಟ್ಟಿಗೆ ಒರಗಿಸಿದ್ದಾನೆ.
ಅಂಗೈಯಗಲದ ಹಸಿರು, ಅದರಲ್ಲೊಂದು ಇರುವೆಸಾಲು.
ಏರು ಹತ್ತಿದರು, ಇಳಿದರು,
ಆಮೇಲೆ ಆ ಮೈದಾನದ ಸುಳ್ಳು ನೇರದಾರಿ:
ಕೊನೆ ಬಂತು ಅನ್ನಿಸುತ್ತದೆ, ಬಂದಿರುವುದಿಲ್ಲ,
ಅಲ್ಲಿ ಉಸಿರು ಖರ್ಚು ಮಾಡಿದವನು ಕೆಟ್ಟ.
ತಡಿ, ತಡಿ ಮಗನೆ, ಅಂದೆ ಬಕೆಟ್ಟಿಗೆ.
ಅವನು ತಡೆಯಲಿಲ್ಲ.
ಆ ಅವಸರ ನಿನ್ನದೇ. ನನ್ನ ಮೇಲೆ ಹಾಕಬೇಡ.

ನಿಜವಾದ ನೇರಕ್ಕೆ ತಿರುಗಿದಾಗ ಎಲ್ಲರಿಗಿಂತ ಮುಂದೆ ಅವನೇ.
ಸಂಘದ ಕಡೆಯ ಕೂಗು ಗದ್ದೆ ದಾಟಿ ಇಲ್ಲಿಗೆ ಮುಟ್ಟಿತು,
ಚಹಾ ಚೆಲ್ಲಿತು,
ನೀನು ಹುಲ್ಲು ಜಗಿಯುತ್ತಿದ್ದೆ.
ಆಗ ಐರ್ಲೆಂಡಿನವಳು ಬಂದಳು,
ಚಿಲಕವಿಲ್ಲದ ಬಾಗಿಲನ್ನು ಗಾಳಿ ತೆರೆದ ಹಾಗೆ, ಸುಮ್ಮನೆ.
ಆಮೇಲೆ ಇನ್ನೊಂದು. ಇನ್ನೊಂದು.

ನಾಲ್ಕನೆಯವನು.
ನಮ್ಮ ಮಾತಿನಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಸದ್ದು.
ನನ್ನ ಗಂಡ ಇದ್ದ ಆಸ್ಪತ್ರೆಯಲ್ಲಿ ಮೂರನೇ ಕೋಣೆ ಆದಮೇಲೆ ಐದು.
ಖಂಗಾರನಿಗೆ ಅದು ಗೊತ್ತು,
ಬಾಯಿ ಬಿಡದೆ ಬೆರಳು ತೋರಿಸಿದ.
ನಾನು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ:
ಬೆವರು, ನೊರೆ, ಅರಳಿದ ಹೊಳ್ಳೆ,
ಕೆಳಗೆ ಒಂದು, ಎರಡು, ಮೂರು,
ನಾಲ್ಕು. ನಾಲ್ಕೂ ಕಾಲು ಊರಿ ನಿಂತಿದ್ದಾನೆ.

ಅಷ್ಟರಲ್ಲಿ ಆಚೆ ಲಾಯದಿಂದ
ಈ ವರ್ಷದ್ದು ಕೂಗಿತು. ಹಾಲು ಬಿಡಿಸಿ ಹದಿನೆಂಟು ದಿನ.
ಪ್ಯಾರಿಸ್ಸಿಗೆ ಅಲ್ಲಾಡದ ನಿನ್ನ ಕಿವಿ
ಕತ್ತಲ ಕಡೆ ತಿರುಗಿ ನಿಂತಿತು,
ಬಾಯಲ್ಲಿ ಅರ್ಧ ಜಗಿದ ಹುಲ್ಲು.

ನಾಳೆ ಬೆಳಿಗ್ಗೆ ಲಾಳದವನು ಬರುತ್ತಾನೆ, ತೋಮೊ.
ಹಿಂಗಾಲು ಕೊಡು ಅಂದರೆ ಕೊಡಬೇಕು.